ಮರಜರಿಯ ಮಾದರಿ: ತೊಟ್ಟಿನ ಬುಡವಿಲ್ಲದ ಹಾಳೆಗೆ ಬೆಲೆ ಇದೆಯೇ?

ಹಳ್ಳದಂಚು
ಎಲ್ಲರಿಗೂ ನಮಸ್ಕಾರ. ಶಿರಸಿ ಮತ್ತು ಸಿದ್ದಾಪುರ ಭಾಗದ ಹಳ್ಳಗಳಲ್ಲಿ ಬೆಳೆಯುವ ಜರಿಗಿಡಗಳ (ಫರ್ನ್) ಬಗ್ಗೆ ನಾನು ಎಂ.ಎಸ್ಸಿ. ಪ್ರಬಂಧ ಬರೆಯುತ್ತಿದ್ದೇನೆ. ಲಿಖಿತ ಅನುಮತಿ ಪಡೆದುಕೊಂಡು ಜುಲೈ ತಿಂಗಳಲ್ಲಿ ದೇವಿಮನೆ ಘಟ್ಟದ ಆಚೀಚೆಯ ಎರಡು ಹಳ್ಳಗಳಿಗೆ ಇಳಿದು ಐದು ಮರಜರಿಗಳಿಂದ ಮಾದರಿ ತೆಗೆದೆ. ಒಂದೊಂದು ಎಲೆಯೂ ನನಗಿಂತ ಉದ್ದವಾಗಿದ್ದುದರಿಂದ ಗಿಡ ಒತ್ತಿ ಒಣಗಿಸುವ ಪ್ರೆಸ್ಸಿನಲ್ಲಿ ಹಿಡಿಸುವಷ್ಟು ತುದಿಯನ್ನು ಮಾತ್ರ ಕತ್ತರಿಸಿ ತಂದೆ. ಮನೆಯಲ್ಲಿ ದಿನವೂ ಕಾಗದ ಬದಲಿಸಿದರೂ ನಾಲ್ಕನೆಯ ದಿನಕ್ಕೆ ಬೂಷ್ಟು ಹಿಡಿಯಿತು. ಕಿರುಎಲೆಗಳು ಕಪ್ಪಾಗಿ ಉದುರತೊಡಗಿದವು. ಉಳಿದ ಮೂರು ಹಾಳೆಗಳನ್ನು, ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಿಡುವ ಹರ್ಬೇರಿಯಂ ಒಂದಕ್ಕೆ ಕಳುಹಿಸಿದಾಗ, ಜಾತಿ ಸಯಾಥಿಯಾ, ತೊಟ್ಟಿನ ಬುಡ ಇಲ್ಲದ ಕಾರಣ ಪ್ರಭೇದ ಹೇಳಲಾಗದು ಎಂಬ ಚೀಟಿಯೊಂದಿಗೆ ಮೂರೂ ಹಿಂದಿರುಗಿ ಬಂದವು.

ನನಗೆ ತಿಳಿಯಬೇಕಾದುದು ಇಷ್ಟು. ಇಷ್ಟು ದೊಡ್ಡ ಎಲೆಯಿಂದ ಯಾವ ಭಾಗಗಳನ್ನು ತರಬೇಕು? ಮಳೆಗಾಲದಲ್ಲಿ ಅದನ್ನು ಒಣಗಿಸುವುದು ಹೇಗೆ? ಮರಕ್ಕೆ ಪೆಟ್ಟಾಗದಂತೆ ಇದು ಸಾಧ್ಯವೇ?

ಒಣಎಲೆ
ಚೀಟಿ ಬರೆದವರು ಸರಿಯಾಗಿಯೇ ಬರೆದಿದ್ದಾರೆ, ದಯವಿಟ್ಟು ಬೇಸರಿಸಬೇಡಿ. ನಾನು ಮೂವತ್ತು ವರ್ಷ ಹರ್ಬೇರಿಯಂ ಹಾಳೆಗಳ ನಡುವೆ ಕೆಲಸ ಮಾಡಿದವನು. ಮರಜರಿಯ ಕಪಾಟು ತೆರೆದರೆ ಅರ್ಧಕ್ಕರ್ಧ ಹಾಳೆಗಳಲ್ಲಿ ಇರುವುದು ನೀವು ತಂದಂಥ ತುದಿಯೇ. ಹಾಳೆಯ ಅಳತೆ ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ, ಎಲೆಯ ಅಳತೆ ಎರಡು ಮೂರು ಮೀಟರ್. ಹಾಳೆಗೆ ಹೊಂದುವ ತುಂಡನ್ನೇ ಕೈ ಹುಡುಕುತ್ತದೆ. ಗಿಡದ ಗುರುತು ಇರುವುದು ಬೇರೆ ಕಡೆ.

ಗುರುತಿನ ಮೊದಲ ಭಾಗ ತೊಟ್ಟಿನ ಬುಡದಲ್ಲಿದೆ. ಅಲ್ಲಿ ಅಂಟಿಕೊಂಡಿರುವ ಹುರುಪೆಗಳ ಬಣ್ಣ, ಆಕಾರ, ಅಂಚು, ಹುರುಪೆ ಉದುರಿದ ಮೇಲೆ ಉಳಿಯುವ ಗಂಟು ಅಥವಾ ಮುಳ್ಳು ಬಹಳ ಮುಖ್ಯ. ಎರಡನೆಯ ಭಾಗ ಬೀಜಾಣು ಹೊತ್ತ ಕಿರುಎಲೆಯ ಅಡಿಯಲ್ಲಿದೆ. ಸೋರಸ್ಸಿಗೆ, ಎಂದರೆ ಬೀಜಾಣುಕೋಶಗಳ ಗುಂಪಿಗೆ, ಇಂಡೂಸಿಯಂ ಎಂಬ ಪೊರೆ ಇದೆಯೇ, ಇದ್ದರೆ ಪೂರ್ತಿ ಮುಚ್ಚುವ ಗೋಲವೇ, ಒಂದು ಬದಿಯ ಚಿಕ್ಕ ಹುರುಪೆಯೇ ಎಂದು ಹತ್ತು ಪಟ್ಟು ಲೆನ್ಸಿನಲ್ಲಿ ನೋಡಬೇಕು. ನಿಮ್ಮ ತುದಿಗಳಲ್ಲಿ ಸೋರಸ್ ಇದ್ದವೇ?

ಹಳ್ಳದಂಚು
ಎರಡು ಹಾಳೆಗಳಲ್ಲಿ ಇವೆ, ಸರ್. ಮೂರನೆಯದು ಬರಿಯ ಎಲೆ. ಪೊರೆಯನ್ನು ನಾನು ನೋಡಿರಲಿಲ್ಲ.

ಒಣಎಲೆ
ಹಾಗಿದ್ದರೆ ಆ ಎರಡನ್ನು ಬಿಸಾಡಬೇಡಿ. ಒಂದು ಸೋರಸ್ಸಿಗೆ ಒಂದು ಹನಿ ಬಿಸಿನೀರು ಬಿಟ್ಟು ಮೆತ್ತಗಾದ ಮೇಲೆ ಸೂಜಿಯಿಂದ ಬೀಜಾಣುಕೋಶಗಳನ್ನು ಸರಿಸಿ, ಬುಡದಲ್ಲಿ ಏನಿದೆ ಎಂದು ನೋಡಿ. ನಮ್ಮ ಕಡೆ ಹೆಚ್ಚಾಗಿ ಕಾಣುವ ಸಯಾಥಿಯಾ ಜೈಜಾಂಟಿಯಾದಲ್ಲಿ ಪೊರೆ ಇರುವುದಿಲ್ಲ. ಸೋರಸ್‌ಗಳು ತಲೆಕೆಳಗಾದ ವಿ ಆಕಾರದಲ್ಲಿ ಜೋಡಣೆಯಾಗಿರುತ್ತವೆ. ತೊಟ್ಟು ಎಣ್ಣೆ ಹಚ್ಚಿದ ಕಪ್ಪು ಮರದಂತೆ ಹೊಳೆಯುತ್ತದೆ, ಬುಡದಲ್ಲಿ ಮಾತ್ರ ಒರಟು. ಜರಿತಜ್ಞ ಹೋಲ್ಟಮ್ ಹೆಸರಿಟ್ಟ ಸಯಾಥಿಯಾ ನೀಲಗಿರೆನ್ಸಿಸ್‌ನಲ್ಲಿ ಸೋರಸ್ಸಿನ ಒಂದು ಬದಿಗೆ ಚಿಕ್ಕ ಹುರುಪೆಯಂಥ ಪೊರೆ ಇರುತ್ತದೆ. ಬೀಜಾಣುಕೋಶಗಳು ಬಲಿತು ಉಬ್ಬಿದಾಗ ಅದು ಅವುಗಳ ಅಡಿಗೆ ಸೇರಿ ಕಾಣದಂತಾಗುವುದರಿಂದ ಬಹಳ ಜನ ಪೊರೆಯೇ ಇಲ್ಲವೆಂದು ಬರೆದುಬಿಡುತ್ತಾರೆ.

ಘಟ್ಟದ ಕ್ಯಾಮೆರಾ
ನನ್ನ ಪ್ರಶ್ನೆ ಬೇರೆ. ಇಂದಿನ ಕಾಲದಲ್ಲಿ ಎಲೆ ಕತ್ತರಿಸುವ ಅಗತ್ಯವಾದರೂ ಏನು? ಕಾಂಡ, ತೊಟ್ಟು, ಸುರುಳಿ ಚಿಗುರು, ಸೋರಸ್ ಎಲ್ಲವನ್ನೂ ಅಳತೆಪಟ್ಟಿ ಇಟ್ಟು ಛಾಯಾಚಿತ್ರ ತೆಗೆದರೆ ಸಾಲದೇ? ಯಾಣದ ಸುತ್ತ ನಾನು ಹತ್ತು ವರ್ಷಗಳಿಂದ ಓಡಾಡುತ್ತಿದ್ದೇನೆ, ಒಂದು ಎಲೆಯನ್ನೂ ಕಿತ್ತಿಲ್ಲ. ಒಂದು ಹಳ್ಳದಲ್ಲಿ ಐದು ಮರಗಳಿದ್ದರೆ ಐದರಿಂದಲೂ ಕತ್ತರಿಸುವುದು ನನಗೆ ಸರಿ ಕಾಣುವುದಿಲ್ಲ.

ಕಾಳಿದಂಡೆ
ಛಾಯಾಚಿತ್ರ ಬೇಡವೆಂದು ಯಾರೂ ಹೇಳುವುದಿಲ್ಲ. ಮರದ ಒಟ್ಟು ನಿಲುವನ್ನು ತೋರಿಸಲು ಅದಕ್ಕಿಂತ ಉತ್ತಮವಾದುದು ಇಲ್ಲ, ಏಕೆಂದರೆ ಕಾಂಡವನ್ನು ಹಾಳೆಗೆ ಅಂಟಿಸಲಾಗದು. ಆದರೆ ಮೇಲೆ ಹೇಳಿದ ಪೊರೆಯನ್ನೇ ನೋಡಿ. ಬೀಜಾಣುಕೋಶಗಳ ಅಡಿಯಲ್ಲಿ ಅಡಗಿರುವುದನ್ನು ಯಾವ ಕ್ಯಾಮೆರಾ ತೋರಿಸೀತು? ಹಾಳೆಯಾದರೆ ಐವತ್ತು ವರ್ಷಗಳ ನಂತರವೂ ಇನ್ನೊಬ್ಬರು ಅದನ್ನು ಲೆನ್ಸಿನ ಅಡಿಗೆ ಇಟ್ಟು, ನಾವು ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಬಹುದು. ಈ ಒಂದು ಗಿಡವನ್ನೇ ಪುಸ್ತಕಗಳಲ್ಲಿ ಸಯಾಥಿಯಾ, ಅಲ್ಸೋಫಿಲಾ, ಜಿಮ್ನೋಸ್ಫೀರಾ ಎಂಬ ಮೂರು ಜಾತಿಗಳ ಅಡಿಯಲ್ಲಿ ನೋಡುತ್ತೇವೆ. ಹೆಸರು ಅತ್ತಿತ್ತ ಹೋದಾಗಲೆಲ್ಲ ತೀರ್ಪು ಕೇಳಲು ಉಳಿಯುವುದು ಆ ಒಣಗಿದ ತುಂಡು ಒಂದೇ.

ಐದು ಮರಗಳಿಂದಲೂ ತೆಗೆಯಬೇಕಾಗಿರಲಿಲ್ಲ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಪೂರ್ಣವಾಗಿ ಒಪ್ಪುತ್ತೇನೆ. ಒಂದು ಹಳ್ಳಕ್ಕೆ, ಒಂದು ಪ್ರಭೇದಕ್ಕೆ, ಒಂದು ಮರದ ಒಂದು ಎಲೆ ಸಾಕು.

ಸೊಪ್ಪಿನಬೆಟ್ಟ
ಸಿದ್ದಾಪುರ ತಾಲ್ಲೂಕಿನ ಒಬ್ಬ ಅಡಕೆ ಬೆಳೆಗಾರನಾಗಿ ಒಂದು ಮಾತು. ನಮ್ಮ ಬೆಟ್ಟದ ಕೆಳಗಿನ ಹಳ್ಳದಲ್ಲಿ ಅಜ್ಜನ ಕಾಲದಿಂದ ಎರಡು ಮರಜರಿಗಳಿದ್ದವು. ಆರ್ಕಿಡ್ ಕೂರಿಸಲು ಒಳ್ಳೆಯದಾಗುತ್ತದೆ ಎಂದು ಯಾರೋ ಒಂದರ ಕಾಂಡವನ್ನು ಕಡಿದು ಒಯ್ದರು. ಬುಡದಿಂದ ಚಿಗುರುತ್ತದೆ ಎಂದು ಎರಡು ಮಳೆಗಾಲ ಕಾದೆವು. ಚಿಗುರಲಿಲ್ಲ, ಕೊಳೆತು ಹೋಯಿತು. ಮಾವಿನಂತೆ, ಹಲಸಿನಂತೆ ಇದು ಮತ್ತೆ ಒಡೆಯುವ ಮರವಲ್ಲ ಎಂದು ನಮಗೆ ತಿಳಿದದ್ದು ಆಗಲೇ. ಆದ್ದರಿಂದ ಯಾರಾದರೂ ಕತ್ತಿ ಹಿಡಿದು ಆ ಹಳ್ಳಕ್ಕೆ ಇಳಿದರೆ ನನಗೆ ಸಂಕಟವಾಗುತ್ತದೆ. ಓದುವ ಮಕ್ಕಳಾದರೂ ಸರಿಯೇ, ಮೊದಲು ನನ್ನ ಹತ್ತಿರ ಮಾತನಾಡಲಿ.

ಒಣಎಲೆ
ನಿಮ್ಮ ಸಂಕಟ ನ್ಯಾಯವಾದುದು. ಮರಜರಿಗೆ ಬೆಳೆಯುವ ಮೊಗ್ಗು ಇರುವುದು ನೆತ್ತಿಯಲ್ಲಿ, ಅದೂ ಒಂದೇ ಒಂದು. ತೆಂಗಿನ ಸುಳಿ ಕಡಿದಂತೆಯೇ ಇದೂ. ನೆತ್ತಿ ಹೋದರೆ ಮರ ಹೋಯಿತು. ಕಾಂಡ ವರ್ಷದಿಂದ ವರ್ಷಕ್ಕೆ ದಪ್ಪವಾಗುವುದೂ ಇಲ್ಲ. ಬುಡ ದಪ್ಪವಾಗಿ ಕಾಣುವುದು ಮೇಲಿನಿಂದ ಇಳಿದು ಹೆಣೆದುಕೊಂಡ ಕಪ್ಪು ಬೇರುಗಳ ಕವಚದಿಂದ, ಆರ್ಕಿಡ್ ಬೆಳೆಸುವವರು ಬಯಸುವುದೂ ಆ ಕವಚವನ್ನೇ. ಆದುದರಿಂದ ಮಾದರಿ ತೆಗೆಯುವವರು ಕಾಂಡಕ್ಕೆ ಕತ್ತಿ ತಾಗಿಸಲೇಬಾರದು, ಸುರುಳಿ ಚಿಗುರನ್ನು ಮುರಿಯಬಾರದು. ಹೊರಸುತ್ತಿನ ಬಲಿತ ಎಲೆಯೊಂದನ್ನು ತೊಟ್ಟು ಕಾಂಡಕ್ಕೆ ಕೂಡುವ ಜಾಗದ ಸ್ವಲ್ಪವೇ ಮೇಲೆ ಕತ್ತರಿಸಿದರೆ ಮರಕ್ಕೆ ಅದು ಸಹಜವಾಗಿ ಉದುರಲಿದ್ದ ಎಲೆಯ ನಷ್ಟ ಮಾತ್ರ.

ಗೇರುಸೊಪ್ಪೆಯ ಮಳೆ
ನಮ್ಮ ತೋಟದ ಮೇಲಿನ ಹಳ್ಳದಲ್ಲಿ ಇಂಥ ಮರಜರಿಗಳು ಇಪ್ಪತ್ತಕ್ಕೂ ಹೆಚ್ಚು ಇವೆ. ಎಲೆಗಳು ಮೂರು ಮೀಟರಿಗೂ ಉದ್ದ, ಬುಡದಲ್ಲಿ ದೊಡ್ಡ ಗಡ್ಡೆ. ಬೇಕಾದವರು ಬಂದು ನೋಡಬಹುದು.

ಕಾಳಿದಂಡೆ
ಗಡ್ಡೆಯ ಮೇಲೆ ಕಿವಿಯಂಥ ತಿರುಳುಳ್ಳ ಭಾಗಗಳು ಜೋಡಿಯಾಗಿ ಇವೆಯೇ? ತೊಟ್ಟಿನ ಬುಡ ಉಬ್ಬಿದೆಯೇ? ಎಲೆಯ ಅಡಿಯಲ್ಲಿ ಬೀಜಾಣುಕೋಶಗಳು ಕಿರುಎಲೆಯ ಅಂಚಿಗೆ ಹತ್ತಿರವಾಗಿ ಎರಡು ಸಾಲಾಗಿ ಇವೆಯೇ?

ಗೇರುಸೊಪ್ಪೆಯ ಮಳೆ
ಮೂರೂ ಹೌದು, ಮೇಡಂ. ಕಾಂಡ ಎಂದು ಎತ್ತರವಾದದ್ದು ಕಾಣುವುದಿಲ್ಲ, ಎಲೆಗಳು ನೆಲದಿಂದಲೇ ಎದ್ದಂತೆ ಇವೆ.

ಕಾಳಿದಂಡೆ
ಹಾಗಾದರೆ ಅದು ಆಂಜಿಯೋಪ್ಟೆರಿಸ್, ಮರಜರಿಯಲ್ಲ. ಬಹಳ ಪುರಾತನವಾದ ಬೇರೊಂದು ಕುಟುಂಬಕ್ಕೆ ಸೇರಿದ ದೈತ್ಯ ಜರಿ. ಇಪ್ಪತ್ತು ಗಿಡಗಳು ಒಂದೇ ಹಳ್ಳದಲ್ಲಿ ಇರುವುದು ಸಂತೋಷದ ವಿಷಯ, ಅದನ್ನೂ ದಾಖಲಿಸಬೇಕು. ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕರಾವಳಿಯ ಕಡೆ ಸೈಕಸ್ಸನ್ನು ತೋರಿಸಿ ಇದೇ ಮರಜರಿ ಎನ್ನುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅದರ ಎಳೆಯ ಕಿರುಎಲೆಗಳೂ ಜರಿಯಂತೆಯೇ ಸುರುಳಿ ಸುತ್ತಿಕೊಂಡಿರುವುದರಿಂದ ತಪ್ಪು ಸಹಜ. ಆದರೆ ಸೈಕಸ್ಸಿನ ಎಲೆ ಒಂದೇ ಬಾರಿ ಸೀಳಿರುತ್ತದೆ, ಗಡುಸಾಗಿರುತ್ತದೆ, ಗಿಡ ಬೀಜ ಬಿಡುತ್ತದೆ. ಮರಜರಿ ಎರಡು ಮೂರು ಬಾರಿ ಸೀಳಿರುತ್ತದೆ, ಬೀಜ ಎಂಬುದು ಅದಕ್ಕೆ ಇಲ್ಲ.

ಹಳ್ಳದಂಚು
ನಾನು ನೋಡಿದವುಗಳಿಗೆ ಆಳೆತ್ತರದ ಕಾಂಡ ಇತ್ತು, ಅವು ಮರಜರಿಗಳೇ. ಒಣಎಲೆ ಸರ್, ಎಲೆಯ ಯಾವ ಯಾವ ತುಂಡು ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವಿರಾ?

ಒಣಎಲೆ
ಎಲೆಯನ್ನು ಕತ್ತರಿಸಿದ ಕೂಡಲೇ ನೆಲದ ಮೇಲೆ ಪೂರ್ತಿ ಹರಡಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಒಟ್ಟು ಉದ್ದ, ತೊಟ್ಟಿನ ಉದ್ದ, ಪಕ್ಕದ ಗರಿಗಳ ಜೋಡಿಗಳ ಸಂಖ್ಯೆ, ಅತಿ ಉದ್ದದ ಗರಿಯ ಅಳತೆ, ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಿ. ಮನೆಗೆ ಹೋಗಿ ಬರೆಯುತ್ತೇನೆ ಎಂದುಕೊಂಡವರ ಲೇಬಲ್‌ಗಳನ್ನು ನಾನು ಬಹಳ ನೋಡಿದ್ದೇನೆ. ಅವುಗಳಲ್ಲಿ "ಮರಜರಿ, ಹಳ್ಳದ ಬದಿ" ಎಂಬ ಎರಡು ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ.

ಆಮೇಲೆ ತೊಟ್ಟಿನ ಕೆಳಗಿನ ಒಂದು ಗೇಣು ಉದ್ದದ ಬುಡ. ಹುರುಪೆಗಳು ಬೆರಳು ತಾಗಿದರೂ ಉದುರುವುದರಿಂದ ಅದನ್ನು ಬೇರೆ ಯಾವುದರ ಜೊತೆಗೂ ಸೇರಿಸದೆ ಕಾಗದದಲ್ಲಿ ಸುತ್ತಬೇಕು. ದಪ್ಪವಾಗಿದ್ದರೆ ಉದ್ದಕ್ಕೆ ಸೀಳಿ, ಹುರುಪೆ ಹೆಚ್ಚಿರುವ ಅರ್ಧವನ್ನು ಉಳಿಸಿಕೊಳ್ಳಬೇಕು. ಎಲೆಯ ನಡುಭಾಗದಿಂದ ನಡುದಂಟಿನ ತುಂಡಿನೊಂದಿಗೆ ಒಂದು ಗರಿ ಬೇಕು. ಹಾಳೆಗಿಂತ ಉದ್ದವಾದರೆ ಅಂಕುಡೊಂಕಾಗಿ ಮಡಚಿ, ಕತ್ತರಿಸಬೇಡಿ. ಅತಿ ಕೆಳಗಿನ ಗರಿ ಒಂದು, ಏಕೆಂದರೆ ಅದು ಎಷ್ಟು ಚಿಕ್ಕದಾಗುತ್ತದೆ ಎಂಬುದೂ ಗುರುತೇ. ಕೊನೆಗೆ ತುದಿ. ಗರಿಯ ಒಂದೆರಡು ಕಿರುಎಲೆಗಳನ್ನು ತಿರುಗಿಸಿ ಇಟ್ಟರೆ ಅಡಿಭಾಗವೂ ಕಾಣುತ್ತದೆ. ಸೋರಸ್ ಬಲಿತಿದ್ದರೆ ಒಂದು ಕಿರುಎಲೆಯನ್ನು ಮಡಚಿದ ಕಾಗದದ ಪೊಟ್ಟಣದಲ್ಲಿ ರಾತ್ರಿಯಿಡೀ ಇಡಿ, ಬೆಳಿಗ್ಗೆ ಬೀಜಾಣುಗಳ ಪುಡಿ ಸಿಗುತ್ತದೆ.

ಇವೆಲ್ಲ ಸೇರಿ ನಾಲ್ಕೈದು ಹಾಳೆಗಳಾಗುತ್ತವೆ. ಎಲ್ಲಕ್ಕೂ ಒಂದೇ ಸಂಗ್ರಹ ಸಂಖ್ಯೆ ಕೊಟ್ಟು, ನಾಲ್ಕರಲ್ಲಿ ಒಂದನೆಯ ಹಾಳೆ, ಎರಡನೆಯ ಹಾಳೆ ಎಂದು ಪ್ರತಿಯೊಂದರ ಮೇಲೂ ಬರೆಯಿರಿ. ಇದನ್ನು ಬರೆಯದಿದ್ದರೆ ಮುಂದೆ ಯಾರೋ ಅವುಗಳನ್ನು ನಾಲ್ಕು ಗಿಡಗಳೆಂದು ಎಣಿಸುತ್ತಾರೆ.

ಅಂಕೋಲೆ ಮಾಸ್ತರು
ಇದಕ್ಕೆ ಮರದ ವಿವರಗಳನ್ನೂ ಸೇರಿಸಿ: ಕಾಂಡದ ಎತ್ತರ, ಎದೆಮಟ್ಟದ ಸುತ್ತಳತೆ, ನೆತ್ತಿಯ ಎಲೆಗಳ ಸಂಖ್ಯೆ, ಒಣಗಿದ ಎಲೆಗಳು ಲಂಗದಂತೆ ಜೋತುಬಿದ್ದಿವೆಯೇ, ಉದುರಿ ಕಲೆ ಮಾತ್ರ ಉಳಿದಿದೆಯೇ ಎಂಬುದು. ಮರಜರಿಯ ಕಾಂಡದ ಮೇಲೆ ಪೊರೆಯಷ್ಟು ತೆಳುವಾದ ಬೇರೆ ಜರಿಗಳೂ ಬೆಳೆದಿರುತ್ತವೆ, ಅವುಗಳನ್ನು ಕೀಳದೆ ಟಿಪ್ಪಣಿಯಲ್ಲಿ ಬರೆಯಿರಿ.

ಕರಾವಳಿ ಹುಡುಗ
ಒಣಗಿಸುವುದಕ್ಕೆ ಉತ್ತರ ಬರಲಿಲ್ಲ. ಸ್ಪಿರಿಟ್ ಹಾಕುವ ಪದ್ಧತಿ ಇದೆಯಲ್ಲ? ಕಾಗದದ ಕಟ್ಟನ್ನು ಶೇಕಡಾ 60–70ರ ಸ್ಪಿರಿಟ್‌ನಲ್ಲಿ ತೋಯಿಸಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಮನೆಗೆ ಬಂದ ಮೇಲೆ ಬಚ್ಚಲ ಒಲೆಯ ಮೇಲೆ ಇಟ್ಟು ಒಣಗಿಸಿದರಾಯಿತು.

ಒಣಎಲೆ
ಮೊದಲ ಅರ್ಧ ಸರಿ. ಅದು ಸಸ್ಯಶಾಸ್ತ್ರಜ್ಞ ಶ್ವೈನ್‌ಫರ್ಟ್ ಹೆಸರಿನಲ್ಲಿ ನಡೆದುಬಂದ ಹಳೆಯ ಪದ್ಧತಿ, ತೇವದ ಕಾಡುಗಳಲ್ಲಿ ದಿನಗಟ್ಟಲೆ ಇರುವವರಿಗೆ ಅದೇ ಗತಿ. ಎರಡನೆಯ ಅರ್ಧವನ್ನು ದಯವಿಟ್ಟು ಯಾರೂ ಮಾಡಬೇಡಿ. ಸ್ಪಿರಿಟ್ ಹೀರಿದ ಕಾಗದವನ್ನು ಬೆಂಕಿಯ ಹತ್ತಿರ ಇಟ್ಟರೆ ಮಾದರಿಯ ಜೊತೆಗೆ ಮನೆಯೂ ಹೊತ್ತಿಕೊಳ್ಳುತ್ತದೆ. ಕಟ್ಟನ್ನು ಬಿಚ್ಚಿ, ಬಯಲು ಗಾಳಿಯಲ್ಲಿ ಸ್ಪಿರಿಟ್ ಪೂರ್ತಿ ಆರಿದ ಮೇಲೆ, ಹೊಸ ಕಾಗದಕ್ಕೆ ವರ್ಗಾಯಿಸಿ ಒಣಗಿಸಬೇಕು. ಈ ಪದ್ಧತಿಯಲ್ಲಿ ಎಲೆಯ ಬಣ್ಣ ಕಂದುಗಪ್ಪಾಗುತ್ತದೆ, ಡಿಎನ್ಎ ಕೂಡ ಕೆಡುತ್ತದೆ. ಆದ್ದರಿಂದ ಹುರುಪೆಯ, ತೊಟ್ಟಿನ ಹಸಿ ಬಣ್ಣವನ್ನು ಮೊದಲೇ ಬರೆದಿಟ್ಟುಕೊಳ್ಳಿ, ಒಂದು ಚಿಕ್ಕ ಎಲೆಚೂರನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಬೇರೆಯಾಗಿ ಒಣಗಿಸಿ.

ಸೊಪ್ಪಿನಬೆಟ್ಟ
ಸಂಜೆಯೊಳಗೆ ಮನೆ ಸೇರುವವರಿಗೆ ಸ್ಪಿರಿಟ್ ಏಕೆ? ನಮ್ಮ ಕಡೆ ಮಳೆಗಾಲದಲ್ಲಿ ಒಣಗಬೇಕಾದುದೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಈಗ ಅಡಕೆ ಡ್ರೈಯರ್ ಕೂಡ ಬಹಳ ಮನೆಗಳಲ್ಲಿ ಇದೆ.

ಅಂಕೋಲೆ ಮಾಸ್ತರು
ಅಟ್ಟ ಒಳ್ಳೆಯದೇ, ಆದರೆ ಪ್ರೆಸ್ಸಿನ ಒಳಗೆ ಗಾಳಿಗೆ ದಾರಿ ಇರಬೇಕು. ಕಾಗದದ ಮೇಲೆ ಕಾಗದ ಪೇರಿಸಿ ಬಿಗಿದರೆ ನಡುವಿನ ಎಲೆ ಬೆಂದಂತಾಗಿ ಕಪ್ಪಾಗುತ್ತದೆ. ಹಳ್ಳದಂಚು ಅವರ ಮಾದರಿಗಳಿಗೆ ಆದದ್ದೂ ಇದೇ ಇರಬಹುದು. ಎರಡೆರಡು ಕಾಗದದ ಮಡಿಕೆಗಳ ನಡುವೆ ಅಲೆಯಲೆಯಾದ ರಟ್ಟು ಇಡಿ. ಅಂಗಡಿಯಲ್ಲಿ ಬಿಸಾಡುವ ಪೆಟ್ಟಿಗೆಯನ್ನು ಕತ್ತರಿಸಿದರೆ ಸಿಗುತ್ತದೆ. ಅಲೆಗಳ ಸಂದಿನಲ್ಲಿ ಬಿಸಿಗಾಳಿ ಮೇಲೇರುವಂತೆ ಪ್ರೆಸ್ಸನ್ನು ಮಗ್ಗುಲಾಗಿ ನಿಲ್ಲಿಸಬೇಕು. ಬಿಸಿ 50 ಡಿಗ್ರಿಯ ಆಸುಪಾಸು ಇದ್ದರೆ ಸಾಕು, ಹೆಚ್ಚಾದರೆ ಎಲೆ ಹಪ್ಪಳದಂತೆ ಮುರಿಯುತ್ತದೆ. ಹೊಗೆ ತಾಗದಂತೆಯೂ ನೋಡಿಕೊಳ್ಳಿ.

ಘಟ್ಟದ ಕ್ಯಾಮೆರಾ
ಮಾದರಿಯ ಅಗತ್ಯವನ್ನು ನಾನು ಈಗ ಒಪ್ಪುತ್ತೇನೆ, ಪೊರೆಯ ವಿಷಯ ನನಗೆ ತಿಳಿದಿರಲಿಲ್ಲ. ಆದರೂ ಒಂದು ಆತಂಕ ಉಳಿದಿದೆ. ಲೇಬಲ್‌ನಲ್ಲಿ ಅಕ್ಷಾಂಶ ರೇಖಾಂಶ ಬರೆಯುತ್ತೀರಿ, ಅದು ಒಂದು ದಿನ ಜಾಲತಾಣಕ್ಕೆ ಏರುತ್ತದೆ. ಕಾಂಡ ಕಡಿಯುವವರಿಗೆ ನಾವೇ ದಾರಿ ತೋರಿಸಿದಂತಾಗುವುದಿಲ್ಲವೇ?

ಕಾಳಿದಂಡೆ
ಲೇಬಲ್‌ನಲ್ಲಿ ನಿಖರವಾಗಿ ಬರೆಯಲೇಬೇಕು, ಇಲ್ಲವಾದರೆ ಮುಂದಿನವರು ಅದೇ ಮರದ ಹತ್ತಿರ ಹೋಗಿ ಅದು ಉಳಿದಿದೆಯೇ ಎಂದು ನೋಡಲಾರರು. ಸಾರ್ವಜನಿಕವಾಗಿ ಹಂಚುವಾಗ ಮಾತ್ರ ತಾಲ್ಲೂಕಿನ ಮಟ್ಟಕ್ಕೆ ನಿಲ್ಲಿಸಬಹುದು. ಕಾನೂನಿನ ವಿಷಯವೂ ಎಲ್ಲರಿಗೂ ತಿಳಿದಿರಲಿ. ಸಯಾಥಿಯಾ ಜಾತಿಯ ಮರಜರಿಗಳು, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ಆದುದರಿಂದ ಒಣಗಿದ ತುಂಡನ್ನು ಕೂಡ ವಿದೇಶಕ್ಕೆ ಸುಮ್ಮನೆ ಅಂಚೆಯಲ್ಲಿ ಕಳುಹಿಸುವಂತಿಲ್ಲ. 1972ರ ವನ್ಯಜೀವಿ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, ಸೈಟಿಸ್ ಪಟ್ಟಿಯ ಜೀವಿಗಳು ನಾಲ್ಕನೆಯ ಅನುಸೂಚಿಗೆ ಸೇರಿವೆ. ಆ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಣಶಿಯಂಥ ಸಂರಕ್ಷಿತ ಪ್ರದೇಶದ ಒಳಗೆ ಬೇರೆ ಅನುಮತಿಯೇ ಬೇಕು. ಹಳ್ಳದಂಚು ಅವರು ಅನುಮತಿ ಪತ್ರದ ಸಂಖ್ಯೆಯನ್ನು ಲೇಬಲ್‌ನಲ್ಲೇ ಬರೆದರೆ ಉತ್ತಮ.

ಅಂಕೋಲೆ ಮಾಸ್ತರು
ಹಳೆಯ ಹಾಳೆಗಳನ್ನು ಹುಡುಕುವವರಿಗೆ ಇನ್ನೊಂದು ಸೂಚನೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರವರೆಗೂ ಆ ಕಡೆಯೇ ಇತ್ತು. ಹಾಗಾಗಿ ಇಲ್ಲಿನ ಹಳೆಯ ಸಂಗ್ರಹಗಳನ್ನು ಬೆಂಗಳೂರಿನಲ್ಲಿ ಹುಡುಕಿ ಸಿಗಲಿಲ್ಲವೆಂದು ಸುಮ್ಮನಾಗಬಾರದು. ಕಾರವಾರದಲ್ಲೇ ನೆಲೆಸಿದ್ದ ಅರಣ್ಯಾಧಿಕಾರಿ ಟಿ.ಆರ್. ಬೆಲ್ ಮತ್ತು ಅವರ ಜೊತೆಗಾರ ಸೆಜ್‌ವಿಕ್ ಸಂಗ್ರಹಿಸಿದ ಗಿಡಗಳಿಗಾಗಿ ಮುಂಬಯಿಯ ಸಂತ ಝೇವಿಯರ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ ಕಡೆ ನೋಡಬೇಕು. ಜರಿಗಿಡಗಳ ಬಗ್ಗೆ ಬ್ಲಾಟರ್ ಮತ್ತು ಡಿ'ಅಲ್ಮೇಡಾ 1922ರಲ್ಲಿ ಪ್ರಕಟಿಸಿದ ಪುಸ್ತಕವೂ ಮುಂಬಯಿ ಪ್ರಾಂತ್ಯದ್ದೇ. ಹುಡುಕುವಾಗ ಜಿಲ್ಲೆಯನ್ನು ನಾರ್ತ್ ಕೆನರಾ ಎಂದೂ, ಗಿಡವನ್ನು ಅಲ್ಸೋಫಿಲಾ ಎಂದೂ ಹುಡುಕಿ.

ಸೊಪ್ಪಿನಬೆಟ್ಟ
ಹಳ್ಳದಂಚು ತಂಗಿ, ಇಷ್ಟೆಲ್ಲ ಓದಿದ ಮೇಲೆ ನಾನು ನಿನ್ನೆ ಹಳ್ಳಕ್ಕೆ ಇಳಿದು ನೋಡಿ ಬಂದೆ. ಉಳಿದ ಮರಜರಿಯ ಮೇಲೆ ಅಡಕೆ ಮರವೊಂದು ಗಾಳಿಗೆ ಬಿದ್ದು ಎರಡು ಹಸಿ ಎಲೆಗಳು ಬುಡದಿಂದಲೇ ಮುರಿದು ಜೋತಾಡುತ್ತಿವೆ. ನೆತ್ತಿಗೆ ಏನೂ ಆಗಿಲ್ಲ. ಬೇಗ ಬಂದರೆ ಕತ್ತಿಯೇ ಬೇಡ.

ಒಣಎಲೆ
ಇವತ್ತೇ ಹೋಗಿ. ಬಾಡಿ ಒಣಗಿದ ಎಲೆಯಲ್ಲಿ ಗಂಟು ಮುಳ್ಳುಗಳು ಉಳಿದರೂ ಹುರುಪೆ ಉಳಿಯುವುದಿಲ್ಲ.

ಹಳ್ಳದಂಚು
ಹೋಗಿ ಬಂದೆ. ಅಣ್ಣನವರೇ ಹಳ್ಳದವರೆಗೆ ಬಂದು, ಉಂಬಳ ಹತ್ತಿದ ಕಾಲಿನಲ್ಲೇ ಅರ್ಧ ಗಂಟೆ ಅಳತೆಪಟ್ಟಿ ಹಿಡಿದು ನಿಂತಿದ್ದರು. ಅವರಿಗೆ ನನ್ನ ಕೃತಜ್ಞತೆಗಳು. ಕಾಂಡ 2.1 ಮೀಟರ್, ನೆತ್ತಿಯಲ್ಲಿ ಮುರಿದ ಎರಡು ಬಿಟ್ಟು ಒಂಬತ್ತು ಎಲೆಗಳು. ತೊಟ್ಟು ಕಪ್ಪಾಗಿ ಹೊಳೆಯುತ್ತದೆ, ಬುಡ ಒರಟು, ಹುರುಪೆ ಗಾಢ ಕಂದು. ಸೋರಸ್ಸಿನ ಅಡಿಯಲ್ಲಿ ಹತ್ತು ಕಡೆ ನೋಡಿದೆ, ಪೊರೆ ಎಲ್ಲಿಯೂ ಇಲ್ಲ. ಪ್ರೆಸ್ಸು ರಟ್ಟಿನೊಂದಿಗೆ ಅವರ ಮನೆಯ ಅಟ್ಟದಲ್ಲಿದೆ.

ಹಳೆಯ ಎರಡು ಹಾಳೆಗಳನ್ನೂ ಬಿಸಿನೀರಿನಲ್ಲಿ ನೆನೆಸಿ ನೋಡಿದೆ. ಒಂದರಲ್ಲಿ ಪೊರೆ ಇಲ್ಲ. ಇನ್ನೊಂದರಲ್ಲಿ ಪ್ರತಿ ಸೋರಸ್ಸಿನ ಒಂದು ಬದಿಗೆ ಕಂದು ಬಣ್ಣದ ಚಿಕ್ಕ ಹುರುಪೆ ಇದೆ. ಮೊದಲು ಇದನ್ನು ಕಸ ಎಂದುಕೊಂಡಿದ್ದೆ.

ಒಣಎಲೆ
ಕಸವಲ್ಲ. ಆ ಮರ ಯಾವುದೆಂದು ನಿಮ್ಮ ಟಿಪ್ಪಣಿಯಲ್ಲಿ ಇದೆಯೇ?

ಹಳ್ಳದಂಚು
ಮೇಲಿನ ಹಳ್ಳದ ಎರಡನೆಯ ಮರ, ಸರ್. ಗುರುತು ಬರೆದಿದ್ದೇನೆ. ಅದರಿಂದ ಒಮ್ಮೆ ಎಲೆ ಕತ್ತರಿಸಿ ಆಗಿದೆ, ಆದ್ದರಿಂದ ಹೊರಸುತ್ತಿನ ಎಲೆ ತಾನಾಗಿ ಬಾಗುವವರೆಗೆ ಕಾಯುತ್ತೇನೆ. ಅಲ್ಲಿಯವರೆಗೆ ತೊಟ್ಟಿನ ಬುಡವನ್ನು ಮರದ ಮೇಲೆಯೇ ಚಿತ್ರ ತೆಗೆದು, ನಾಲ್ಕೈದು ಹುರುಪೆಗಳನ್ನು ಮಾತ್ರ ಚಿಮಟದಿಂದ ಪೊಟ್ಟಣಕ್ಕೆ ಹಾಕಿ ತರುತ್ತೇನೆ.

ಘಟ್ಟದ ಕ್ಯಾಮೆರಾ
ಮುಂದಿನ ಭಾನುವಾರ ಮಳೆ ಕಡಿಮೆಯಿದ್ದರೆ ನಾನೂ ಬರುತ್ತೇನೆ. ಹತ್ತಿರದ ಚಿತ್ರ ತೆಗೆಯುವ ಲೆನ್ಸು ನನ್ನಲ್ಲಿದೆ.